ಕಾಣದ ಸ್ಕ್ಯಾನರು, ಕಂಡ ಕಂಡ ಕಮಾಂಡು

ಈ ಸಲ ವಿಜಯದಶಮಿ ದಿವಸ ನಾನೊಂದು ಘೋಷಣಾ ಮಾಡಿದೆ.

"ಇವತ್ತಿನಿಂದ ನಮ್ಮ ಮನಿ ಕಂಪ್ಯೂಟರಿಗೆ ಸ್ವಾತಂತ್ರ್ಯ! ಕಂಪನಿಯವರ ಗುಲಾಮಗಿರಿ ಸಾಕು. ಇನ್ನ ಮ್ಯಾಲೆ ಎಲ್ಲಾರಿಗೂ ಪುಕ್ಕಟೆ ಸಿಗೂ ತಂತ್ರಾಂಶ, ಲಿನಕ್ಸ್!"

ಹಾನಗಲ್ಲಿನ ಹೈಸ್ಕೂಲಿನ್ಯಾಗ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸೋ ಮಾಸ್ತರ ನಾನು. ಹಂಗ ಘೋಷಣಾ ಮಾಡೂ ಹಕ್ಕು ನನಗೈತಿ. ನನ್ನ ಹೆಂಡ್ತಿ ಜಯಶ್ರೀ ಹೋಳಿಗಿ ಹೂರಣ ರುಬ್ಬಾಕತ್ತಿದ್ಲು. ತಲಿ ಎತ್ತದ ಕೇಳಿದ್ಲು:

"ಹಳೇದಕ್ಕ ಏನಾಗಿತ್ತರಿ?"

"ಏನೂ ಆಗಿದ್ದಿಲ್ಲ."

"ಮತ್ತ ಯಾಕ ಕೆದರ್ತೀರಿ?"

ಸ್ವಾತಂತ್ರ್ಯ ಹೋರಾಟಗಾರರ ಹೆಂಡಂದಿರೆಲ್ಲ ಹಿಂಗ ಕೇಳಿರಬೇಕು ಅನಕೊಂಡು ಕೆಲಸಕ್ಕ ಹತ್ತಿದೆ.

ಕೆಲಸ ಶಾಸ್ತ್ರೋಕ್ತ ಮಾಡಿದೆ. ಕಂಪ್ಯೂಟರು, ಸ್ಕ್ಯಾನರು ಎಲ್ಲಾದರ ವಯರ್ ಕಿತ್ತು, ಒರೆಸಿ, ವಿಭೂತಿ ಹಚ್ಚಿದೆ. ಸಂಜಿಮುಂದ ಬನ್ನಿ ತಂದೆ. ಬನ್ನಿ ಎಲಿಗೆ ನಮ್ಮ ಕಡೆ ಬಂಗಾರ ಅಂತೀವಿ. ಅದನ್ನ ಕೊಟ್ಟು ಸಣ್ಣವರು ದೊಡ್ಡವರ ಕಾಲಿಗೆ ಬೀಳೂದು ಪದ್ಧತಿ. ಜಯಶ್ರೀ ನನಗ ಕೊಟ್ಟು ಬಿದ್ಲು. ನಾ ಭಾಳ ದೊಡ್ಡಸ್ತಿಕಿಲೆ ಆಶೀರ್ವಾದ ಮಾಡಿದೆ. ಯಂತ್ರಗಳಿಗೂ ಒಂದೊಂದು ಎಲಿ ಕೊಟ್ಟೆ. ಮರುದಿನ ವಯರ್ ಹಚ್ಚಿ ಲಿನಕ್ಸ್ ಹಾಕಿದೆ. ಕಂಪ್ಯೂಟರು ಕುದುರಿ ಓಡಿದಂಗ ಓಡ್ತು!

ಒಂಬತ್ತನೇ ದಿವಸಕ್ಕ ಬಂತು ನೋಡ್ರಿ ಗ್ರಹಚಾರ.

ಎಂ.ಎ. ಮುಗಿಸಿ ಹದಿನಾಲ್ಕು ವರ್ಷ ನನ್ನ ಊಟದ ಡಬ್ಬಿ ಕಟ್ಟಿದ ಜಯಶ್ರೀ, ಶಿಗ್ಗಾಂವಿ ಕಡೆ ಕಾಲೇಜೊಂದರಾಗ ಅತಿಥಿ ಉಪನ್ಯಾಸಕಿ ಆಗಾಕ ಅರ್ಜಿ ಹಾಕಿದ್ಲು. ಮಾರ್ಕ್ಸ್ ಕಾರ್ಡು ಸ್ಕ್ಯಾನ್ ಮಾಡಿ ಅವತ್ತ ಸಂಜಿ ಐದರೊಳಗ ಕಳಸಬೇಕು. ಮೊಬೈಲ್ ಫೋಟೋ ನಡ್ಯಂಗಿಲ್ಲ ಅಂತ ದಪ್ಪ ಅಕ್ಷರದಾಗ ಬರದಿದ್ರು. ಹನ್ನೆರಡಕ್ಕ ಆಕಿ ಚಪ್ಲಿ ಮೆಟ್ಟಿದ್ಲು.

"ಬಸ್ ಸ್ಟ್ಯಾಂಡ್ ಹತ್ರ ಶಬೀನಾನ ಝೆರಾಕ್ಸ್ ಅಂಗಡಿಗೆ ಹೋಗಿ ಬರ್ತೇನ್ರಿ."

"ಮನ್ಯಾಗ ಸ್ಕ್ಯಾನರ್ ಇಟಗೊಂಡು ಅಂಗಡಿಗೆ? ಊರಾಗ ನನ್ನ ಮರ್ಯಾದಿ ಏನಾಗಬೇಕು? ಬಿಡು ಚಪ್ಲಿ! ಎರಡ ನಿಮಿಷದ ಕೆಲಸ!"

ಸ್ಕ್ಯಾನರ್ ಹಸರ ದೀಪ ಹಚಗೊಂಡು ತಯಾರ ಕುಂತಿತ್ತು. ಕಾರ್ಡು ಇಟ್ಟು, ಮುಚ್ಚಿ, ಗುಂಡಿ ಒತ್ತಿದೆ. ಕಂಪ್ಯೂಟರ್ ಹೇಳ್ತು: ಯಾವ ಸ್ಕ್ಯಾನರೂ ಇಲ್ಲ!

ಮೊಳ ದೂರದಾಗ ಕುಂತದ್ದು ಇಲ್ಲ ಅಂದ್ರ? ನನ್ನೊಳಗಿನ ವಿಜ್ಞಾನಿ ಎಚ್ಚರಾದ. ಕಂಪ್ಯೂಟರಿನ ಕರಿ ಪರದೆ ತಗದು ಕಮಾಂಡ್ ಹೊಡಿಯಾಕ ಕುಂತೆ. ಎಲ್ಲಾದಕ್ಕೂ ಮುಂದ "ಸುಡೊ" ಅಂತ ಬರೀಬೇಕು, ಇದು ಯಜಮಾನನ ಹುಕುಂ ಅಂತ ತಿಳಿಸಾಕ. ಸುಡೊ ಸುಡೊ ಅಂತ ನಾ ಗುಣಗೂದು ಕೇಳಿ ಜಯಶ್ರೀ ಅಂದ್ಲು:

"ಏನ ಸುಡಾಕತ್ತೀರಿ?"

"ನಾನ ಈ ಮನಿ ಯಜಮಾನ ಅಂತ ಹೇಳಾಕತ್ತೇನಿ."

"ಹೇಳ್ರಿ, ಅದಾದ್ರೂ ಕೇಳತೈತೇನೋ."

ಸ್ಕ್ಯಾನರ್ ನಡಸಾಕ ಬೇಕಾಗೂ ಡ್ರೈವರ್ ಅನ್ನೂ ತಂತ್ರಾಂಶ ಒಂದು ಹಾಕಿದೆ. ಕಾಣಲಿಲ್ಲ. ಅದನ್ನ ತಗದು ಇನ್ನೊಂದು ಹಾಕಿದೆ. ಎರಡನೂ ಕೂಡಿಸಿ ಹಾಕಿದೆ. ಇಂಟರ್ನೆಟ್ಟಿನ್ಯಾಗ ಯಾರೋ ಹೇಳಿದ್ರಂತ ನನ್ನನ್ನ ನಾನ ಕಂಪ್ಯೂಟರಿನೊಳಗ ಸ್ಕ್ಯಾನರ್ ಬಳಸೂ ಹಕ್ಕಿದ್ದವರ ಗುಂಪಿನ ಸದಸ್ಯನ್ನ ಮಾಡಿಕೊಂಡೆ. ಅವಿರೋಧ ಆಯ್ಕೆ! ಆದ್ರ ಆ ಗುಂಪಿನ್ಯಾಗ ಸ್ಕ್ಯಾನರ್ ಒಂದ ಇರಲಿಲ್ಲ. ಎರಡೂವರಿಗೆ ಕಂಪ್ಯೂಟರಿನ ದನಿ ಹೋತು. ಮೂರಕ್ಕ ಪರದೆ ಮ್ಯಾಲಿನ ಅಕ್ಷರ ಎಲ್ಲಾ ಸಾಸಿವಿ ಕಾಳಿನಷ್ಟಾದವು.

ಕಡೀಕ ಹಿರೇಕೆರೂರಿನ ಗುದ್ಲೆಪ್ಪ ಮಾಸ್ತರಿಗೆ ಫೋನ್ ಹಚ್ಚಿದೆ. ನನಗ ಈ ಲಿನಕ್ಸ್ ಹುಚ್ಚು ಹಿಡಿಸಿದವರು ಅವರ.

"ಸರ, ಮೊದಲ ಆ ವಯರ್ ಒಮ್ಮೆ ಕಿತ್ತು ಹಚ್ರಿ," ಅಂದ್ರು.

ಮೈಯೆಲ್ಲ ಉರೀತು! "ಗುದ್ಲೆಪ್ಪನವರ, ನಾ ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ಮಾಡಾಂವ. ನನಗ ವಯರ್ ಹಚ್ಚೂದು ಕಲಸ್ತೀರೇನು? ದೊಡ್ಡ ಉಪಾಯ ಇದ್ರ ಹೇಳ್ರಿ!" ಅಂದು ಫೋನ್ ಇಟ್ಟೆ. ಮತ್ತ ಏಳು ಸಾಲಿನ ದೊಡ್ಡ ಕಮಾಂಡ್ ಒಂದು ಹುಡುಕಿ ಹೊಡದೆ. ಕಂಪ್ಯೂಟರಿಗೆ ಮೌಸೂ ಕಾಣದಂಗಾತು.

ನಾಕು ಹೊಡೀತು. ಜಯಶ್ರೀ ಶಬೀನಾಗ ಫೋನ್ ಮಾಡಿದ್ಲು. ಪ್ಯಾಟ್ಯಾಗ ಕರೆಂಟ್ ಹೋಗೇತಿ, ಯಾವ ಅಂಗಡ್ಯಾಗೂ ಮಷಿನ್ ಓಡವಲ್ಲದು, ಬರಾಕ ಐದೂವರಿ ಆಗತೈತಿ ಅಂದ್ಲಂತ ಆಕಿ. ನಮ್ಮ ಓಣ್ಯಾಗ ಮಾತ್ರ ಕರೆಂಟ್ ಧಗಧಗ ಇತ್ತು.

ನಾ ಬೈಗಳಕ್ಕ ತಯಾರಾದೆ. ಆಕಿ ಬೈಲಿಲ್ಲ. ಮಾರ್ಕ್ಸ್ ಕಾರ್ಡನ್ನ ಸೆರಗಿಲೆ ಒರೆಸಿ, ಮತ್ತ ಪ್ಲಾಸ್ಟಿಕ್ ಕವರಿನ್ಯಾಗ ಹಾಕಿ, "ಹೋಗ್ಲಿ ಬಿಡ್ರಿ. ಹದಿನಾಲ್ಕು ವರ್ಷ ಆಗೇತಿ, ಇನ್ನೊಂದು ವರ್ಷ ಆಗ್ಲಿ," ಅಂದ್ಲು. ಬೈದಿದ್ರ ಛಲೋ ಇತ್ತು! ಯಜಮಾನ ಅಂತ ಒಂದು ನೂರು ಸಲ ಬರದಿದ್ದೆ, ನಾಚಿಕಿ ಬಂತು.

"ಆ ಹಿರೇಕೆರೂರಿನವರು ಹೇಳಿದ್ದಾದ್ರೂ ಮಾಡಿ ನೋಡ್ಲೇನು?" ಅಂದ್ಲು.

"ಮಾಡು," ಅಂದೆ. ನನ್ನ ದನೀನೂ ಕಂಪ್ಯೂಟರಿನಂಗ ಹೋಗಿತ್ತು.

ಆಕಿ ಕರೆಂಟ್ ತಗದು, ಸ್ಕ್ಯಾನರ್ ಹಿಂದ ಹೊಳ್ಳಿಸಿ, ಕಂಪ್ಯೂಟರಿಗೆ ಹೋಗೂ ವಯರ್ ಕಿತ್ತು, ಒಂದು ಕಣ್ಣು ಮುಚ್ಚಿ ಆ ಚೌಕ ತೂತಿನಾಗ ಹಣಿಕಿ ಹಾಕಿದ್ಲು. ಸೆರಗಿನ ಪಿನ್ನು ತಗದು ಮೆಲ್ಲಕ ಎಳದ್ಲು. ಬಂತು ಹೊರಗ, ಒಂದು ಒಣಗಿದ ಬನ್ನಿ ಎಲಿ!

ನೆಪ್ಪಾತು. ಹಬ್ಬದ ಸಂಜಿ ಮುಚ್ಚಳದ ಮ್ಯಾಲೆ ಇಟ್ಟ ಎಲಿ ಫ್ಯಾನಿನ ಗಾಳಿಗೆ ಮೂರು ಸಲ ಹಾರಿತ್ತು. ಸ್ಕ್ಯಾನರಿಗೆ ಬಂಗಾರ ತಪ್ಪಬಾರ್ದಂತ ಹಿಂದಿನ ತೂತಿನಾಗ ಭಕ್ತಿಲೆ ತುರುಕಿದಾಂವ ನಾನ! ಮರುದಿನ ಅದರ ಮ್ಯಾಲ ವಯರ್ ಒತ್ತಿದಾಂವನೂ ನಾನ!

ಜಯಶ್ರೀ ವಯರ್ ಕಟಕ್ ಅಂತ ಕೂಡಿಸಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ಲು. ಮೌಸೂ ಬಂತು, ಸ್ಕ್ಯಾನರೂ ಕಾಣ್ತು. ನಾಕು ಐವತ್ತೆರಡಕ್ಕ ಮಾರ್ಕ್ಸ್ ಕಾರ್ಡು ಹೋತು.

ಆಕಿ ಆ ಎಲಿ ಎತ್ತಿ ನನ್ನ ಮುಂದ ಹಿಡದ್ಲು. "ತಗೋರಿ. ಬಂಗಾರ ತಗೊಂಡು ಬಂಗಾರದಂಗ ಇರೋಣು."

ತಗೊಂಡೆ. ರೂಢಿ ನೋಡ್ರಿ, ಆಶೀರ್ವಾದ ಮಾಡಾಕ ಕೈ ತಾನ ಮ್ಯಾಲೆ ಎದ್ದಿತು. ಆಕಿ ಬಗ್ಗಲಿಲ್ಲ.

"ಸಣ್ಣವರು ದೊಡ್ಡವರ ಕಾಲಿಗೆ ಬೀಳೂದಲ್ಲೇನ್ರಿ ಪದ್ಧತಿ?" ಅಂದು, ಸೀರಿ ನಿರಿಗಿ ನಾಕು ಬಟ್ಟು ಮ್ಯಾಲೆತ್ತಿ, ಪಾದ ಮುಂದಿಟ್ಟು ನಿಂತ್ಲು.