ಪುಕ್ಕಟೆ ಸಾಫ್ಟ್‌ವೇರ್‌ನೊಳಗೆ ಯಾರಿದ್ದಾರೆ?

ನಮ್ಮ ಆಫೀಸಿನಲ್ಲಿ ದೆವ್ವ ಇಲ್ಲ. ಬಂದವರಿಗೆಲ್ಲ ಇದನ್ನು ನಾನು ಹೇಳುತ್ತಲೇ ಇರಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಇಳಕಲ್ಲಿನ ಒಂದು ನೇಕಾರರ ಸಂಘ ನಮ್ಮದು. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ಕಮತಗಿಯಿಂದ ಬಸ್ಸಿಗೆ ಬರುತ್ತೇನೆ.

ಮುಖದರ್ಶನ

ಒಂದು ಬೆಳಿಗ್ಗೆ ಹೆಡ್ ಗುಮಾಸ್ತರು ಹಳೇ ಪತ್ರವೊಂದನ್ನು ತೆರೆದು ತಿದ್ದಲು ಕೂತರು. ಅಕ್ಷರ ಎಲ್ಲಾ ಕಾಣುತ್ತಿವೆ. ಕೀ ಒತ್ತಿದರೆ ಟಪಟಪ ಸದ್ದೂ ಬರುತ್ತಿದೆ. ಆದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಅಲುಗುವುದಿಲ್ಲ. ಅಧ್ಯಕ್ಷರು ತಾವೇ ಬಂದು ಒತ್ತಿ ನೋಡಿದರು, ಜೋರಾಗಿ ಕುಟ್ಟಿಯೂ ನೋಡಿದರು.

"ಸಾಹೇಬ್ರ, ಈ ಸಾಫ್ಟ್‌ವೇರಿನ ವರ್ಷದ ಚಂದಾ ಮುಗದೈತ್ರಿ. ಮತ್ತ ಕಟ್ಟೂತನಕ ಹಿಂಗ" ಎಂದರು ಗುಮಾಸ್ತರು.

"ಅಂದ್ರ, ನಾವು ಬರದದ್ದನ್ನ ನಮಗ ಮುಟ್ಟಾಕ ಕೊಡೂದಿಲ್ಲೇನು?"

"ಇಲ್ರಿ. ನೋಡಾಕಷ್ಟ ಕೊಡ್ತಾರ್ರಿ."

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. "ಥೋ, ಸತ್ತವರ ಮುಖದರ್ಶನ ಮಾಡಿದಂಗಾತಲ್ರಿ ಇದು!"

ಯಾರೂ ಹೇಳದ ಮಾತು

ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಒಂದಿದೆ ಎಂದು ನಾನೇ ಹೇಳಿದೆ. ಬಾಗಲಕೋಟೆಯಲ್ಲಿ ಕೋರ್ಸ್ ಮಾಡುವಾಗ ಅದನ್ನು ಕಲಿತಿದ್ದೆ. ಹಾಕಿದ್ದೂ ಆಯಿತು. ಅದರ ಸೂಚನೆಗಳೆಲ್ಲ ಕನ್ನಡದಲ್ಲೇ ಬರುವುದನ್ನು ಕಂಡು ಗುಮಾಸ್ತರಿಗೆ ಭಾರೀ ಖುಷಿ.

ಒಂದು ಮಧ್ಯಾಹ್ನ ಅಧ್ಯಕ್ಷರು ರಾಜ್ಯೋತ್ಸವದ ಭಾಷಣ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. 'ರಾಜ' ಎನ್ನುವಷ್ಟರಲ್ಲಿ ಮುಂದಿನ ಅಕ್ಷರಗಳು ತಾವಾಗಿಯೇ ಮೂಡಿದವು: ರಾಜೀನಾಮೆ. ಅಳಿಸಿದೆ. ಮತ್ತೆ 'ರಾಜ' ಒತ್ತಿದೆ. ಮತ್ತೆ ರಾಜೀನಾಮೆ.

"ತಂಗಿ, ನಾ ಅದನ್ನ ಹೇಳ್ಲಿಲ್ಲ."

"ನಾನೂ ಹೊಡೀಲಿಲ್ರಿ."

ಅವತ್ತು ಬೆಳಿಗ್ಗೆ ಒಬ್ಬ ನಿರ್ದೇಶಕರ ರಾಜೀನಾಮೆ ಪತ್ರ ಟೈಪ್ ಮಾಡಿದ್ದೆ. ಅದರಲ್ಲಿನ ಪದಗಳನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಂಡಿತ್ತು. ಇದು ನನಗೆ ಹೊಳೆದದ್ದು ಮನೆಗೆ ಹೋಗುವಾಗ, ಬಸ್ಸಿನಲ್ಲಿ. ಅಧ್ಯಕ್ಷರು ಅಷ್ಟರಲ್ಲಿ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ ಕೇಳಿಯಾಗಿತ್ತು: "ಖರೇ ಹೇಳು, ಇದನ್ನ ಪುಕ್ಕಟೆ ಕೊಟ್ಟಾವ್ರು ಸಂಘದಾಗಿನ ನಮ್ಮ ಎದುರು ಗುಂಪಿನಾವ್ರೇನು?"

ಮುಗಿಯದ ವರದಿ

ವಾರ್ಷಿಕ ಸಭೆಯ ವರದಿ ಬರೆಯುವುದು ಯಾವಾಗಲೂ ಗುಮಾಸ್ತರ ಕೆಲಸ. "ಇನ್ನಾ ಮುಗೀಲಿಲ್ಲೇನ್ರಿ?" ಎಂದು ಅವರ ಜೀವ ತಿನ್ನುವುದು ಅಧ್ಯಕ್ಷರ ಕೆಲಸ. ಆ ಸಲ ಗುಮಾಸ್ತರು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು. "ನಾಳೆ ಮುಗಸ್ತೇನ್ರಿ" ಎಂದು ಕೊಡೆ ಎತ್ತಿಕೊಂಡು ಹೋದರು. ಮರುದಿನ ಬರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತವರು ಹಾಗೇ ಗೋಡೆಗೆ ಒರಗಿ ಜೀವ ಬಿಟ್ಟಿದ್ದರು.

ಅವರ ಮಣ್ಣಿಗೆ ಹೋಗಿ ಬಂದಮೇಲೆ ಆ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ನಾಳೆ ಸಭೆ ಅನ್ನುವಾಗ ವರದಿ ಬೇಕಲ್ಲ? ನಾನು ನೆಟ್‌ವರ್ಕ್ ಮೂಲಕ ನನ್ನ ಕಂಪ್ಯೂಟರಿನಿಂದಲೇ ಆ ಫೈಲ್ ತೆರೆಯಲು ಹೋದೆ. ಅಧ್ಯಕ್ಷರು ಹಿಂದೆ ನಿಂತಿದ್ದರು. ಪರದೆಯ ಮೇಲೆ ಒಂದು ಚೌಕ ಮೂಡಿತು: 'ಈ ಫೈಲನ್ನು ಸದ್ಯ ತಿದ್ದುತ್ತಿರುವವರು', ಅದರ ಮುಂದೆ ಗುಮಾಸ್ತರ ಪೂರ್ತಿ ಹೆಸರು.

ಇಬ್ಬರೂ ತಿರುಗಿ ನೋಡಿದೆವು. ಕುರ್ಚಿ ಖಾಲಿ. ಹಿಂದಿನ ಓಣಿಯ ಮಗ್ಗದ ಸದ್ದೂ ಅದೇ ಹೊತ್ತಿಗೆ ನಿಂತಿತು.

"ಎಲ್ಲಿ ಕುಂತು ತಿದ್ದಾಕತ್ತಾರವಾ?" ಅಧ್ಯಕ್ಷರು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು.

ಕೆಳಗೆ ಒಂದು ಬಟನ್ ಇತ್ತು: 'ಅವರು ಮುಗಿಸಿದ ಮೇಲೆ ತಿಳಿಸಿ.'

"ಅದನ್ನ ಒತ್ತು. ಅವಸರ ಮಾಡಬ್ಯಾಡ. ನಾ ಅವರಿಗೆ ಭಾಳ ಅವಸರ ಮಾಡೇನಿ."

ಒತ್ತಿದೆ. ಅವರು ಪರದೆ ನೋಡುತ್ತ ಕೂತರು. ನಾನು ಹೊರಗೆ ಹೋಗಿ ಕೋರ್ಸಿನ ಸರ್‌ಗೆ ಫೋನ್ ಹಚ್ಚಿದೆ. ಫೈಲ್ ತೆರೆದವರ ಹೆಸರಿನಲ್ಲಿ ಅದಕ್ಕೊಂದು ಬೀಗ ಬೀಳುತ್ತದೆ, ನಡುವೆ ಕರೆಂಟ್ ಹೋದರೆ ಅದು ಹಾಗೇ ಉಳಿದಿರುತ್ತದೆ, ಅದನ್ನು ಅಳಿಸಿದರೆ ಆಯಿತು ಎಂದರು ಅವರು. ಎದೆ ಗಟ್ಟಿ ಮಾಡಿಕೊಂಡು ಗುಮಾಸ್ತರ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಅಳಿಸಿದೆ.

ನನ್ನ ಮೇಜಿನ ಕಡೆಯಿಂದ ಅಧ್ಯಕ್ಷರು ಚೀರಿದರು. ಓಡಿ ಬಂದು ನೋಡಿದರೆ ಪರದೆಯ ಮೇಲೆ: 'ಫೈಲ್ ಈಗ ನಿಮಗೆ ಲಭ್ಯವಿದೆ.' ಅವರು ಎದ್ದು ನಿಂತು ಕೈ ಮುಗಿದಿದ್ದರು.

ಬೀಗದ ವಿಷಯ ಬಿಡಿಸಿ ಹೇಳಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. "ಒಂದಕ್ಷರಾನೂ ತಿದ್ದಬ್ಯಾಡ. ಹೆಂಗೈತಿ ಹಂಗ ಪ್ರಿಂಟ್ ತಗಿ."

ತೆಗೆದೆ. ಓದಿ ನೋಡುವ ಧೈರ್ಯ ನನಗೂ ಆಗಲಿಲ್ಲ.

ಮರುದಿನ ಸಭೆಗೆ ನೇಕಾರರು ಕಿಕ್ಕಿರಿದು ಬಂದಿದ್ದರು. ಅಧ್ಯಕ್ಷರು ಮೈಕಿನ ಮುಂದೆ ವರದಿ ಓದುತ್ತ ಓದುತ್ತ ಕೊನೆಯ ಹಾಳೆಗೆ ಬಂದರು. "ಮುಂದಿನ ವರ್ಷ ನಮ್ಮ ಅಧ್ಯಕ್ಷರು..." ಎಂದವರು ಗಕ್ಕನೆ ನಿಂತರು. ಗುಮಾಸ್ತರು ಬರೆಯುವಾಗ ಕರೆಂಟ್ ಹೋದದ್ದು ಸರಿಯಾಗಿ ಅಲ್ಲಿಗೇ. ಹಾಳೆ ತಿರುವಿದರು. ಹಿಂದೆಯೂ ಖಾಲಿ.

ಹಿಂದಿನ ಸಾಲಿನಿಂದ ಮುದುಕ ನೇಕಾರರೊಬ್ಬರು ಎದ್ದು ಕೇಳಿದರು, "ಮುಂದಿನ ವರ್ಷ ಅಧ್ಯಕ್ಷರು ಏನಾಗ್ತಾರ್ರೀ?"

ಅಧ್ಯಕ್ಷರು ಹಣೆಯ ಬೆವರು ಒರೆಸಿಕೊಂಡು ಮೈಕಿಗೆ ಬಾಗಿದರು.

"ಅದು ಗುಮಾಸ್ತರಿಗಷ್ಟ ಗೊತ್ರಿಪಾ. ಹೋಗಿ ಕೇಳ್ಕೊಂಡು ಬರಾಕ ನನಗ ಸದ್ಯ ಪುರಸತ್ತಿಲ್ಲ!"