ದಾಳಿಂಬೆ ಗಿಡಕ್ಕೆ ವರ್ಗವಾದ ಮಾತ್ರೆಗಳು

ಇಂದ,
ಮನೆಯ ಸೊಸೆ,
ಅಡುಗೆಮನೆಯ ಪಕ್ಕದ ಕೋಣೆ.

ಗೆ,
ಮಾನ್ಯ ಅತ್ತೆಯವರು,
ನಿವೃತ್ತ ಸೂಪರಿಂಟೆಂಡೆಂಟರು,
ಹಾಲಿ ಹಿತ್ತಲು, ನಲ್ಲಿ ಹಾಗೂ ಮಗನ ಉಸ್ತುವಾರಿ,
ಹಜಾರದ ಬೆತ್ತದ ಕುರ್ಚಿ.

ವಿಷಯ: ದಾಳಿಂಬೆ ಗಿಡದ ವಾರದ ರಜೆ ರದ್ದುಪಡಿಸುವ ಹಾಗೂ ಅದಕ್ಕೆ ವರ್ಗವಾಗಿರುವ ತಮ್ಮ ಕ್ಯಾಲ್ಸಿಯಂ ಮಾತ್ರೆಗಳನ್ನು ತಮಗೇ ಮರಳಿಸುವ ಬಗ್ಗೆ.

ಉಲ್ಲೇಖ: "ಅಳೋದು ಬೇಡ, ಬರೆದು ಕೊಡು, ನೋಡೋಣ" ಎಂಬ ತಮ್ಮ ನಿನ್ನೆಯ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ, ಆಕೆ ನಿನ್ನೆ ಅಳುತ್ತಿರಲಿಲ್ಲ. ಕಣ್ಣಿಗೆ ಮಣ್ಣಿನ ಧೂಳು ಬಿದ್ದಿತ್ತು, ಅಷ್ಟೆ. ಉಳಿದ ಸಂಗತಿಗಳು ಈ ಕೆಳಗಿನಂತಿವೆ.

೧. ಹಿತ್ತಲಿನ ಡ್ರಮ್ಮಿನಲ್ಲಿರುವ ದಾಳಿಂಬೆಯ ಕಾಯಿಗಳು ಹಣ್ಣಾಗುವ ಮೊದಲೇ ಬಿರಿಯುತ್ತಿರುವುದು ತಮ್ಮ ಗಮನದಲ್ಲಿದೆ. ತಾವು ಗಿಡದ ಮುಂದೆ ನಿಂತು, "ಏನಮ್ಮ ಇದು, ಹಲ್ಲು ಕಿರ್ಕೊಂಡು ನಿಂತಿದೆ. ಕಾಲೇಜಲ್ಲಿ ಗಿಡಮರ ಓದಿದವಳಲ್ವಾ ನೀನು, ಏನಾಗಿದೆ ಇದಕ್ಕೆ?" ಎಂದು ವಿಚಾರಿಸಿದ್ದಿರಿ. ಅರ್ಜಿದಾರಳು, "ಕಾಯಿಗೆ ಕ್ಯಾಲ್ಸಿಯಂ ಸಾಲ್ತಿಲ್ಲ ಅನ್ಸುತ್ತೆ ಅತ್ತೆ, ಅದಕ್ಕೇ ಸಿಪ್ಪೆ ಗಟ್ಟಿ ಆಗ್ತಿಲ್ಲ, ಆದ್ರೆ..." ಎಂದಳು. ಆ "ಆದ್ರೆ" ಮುಗಿಯುವಷ್ಟರಲ್ಲಿ ತಾವು "ಸರಿ, ಗೊತ್ತಾಯ್ತು ಬಿಡು" ಎಂದು ಒಳಗೆ ಹೋಗಿದ್ದಿರಿ. ಮುಂದಿನ ಅನಾಹುತಕ್ಕೆಲ್ಲ ಆ ಅರ್ಧ ವಾಕ್ಯವೇ ಕಾರಣ.

೨. ಉಳಿದರ್ಧ ವಾಕ್ಯ ಹೀಗಿತ್ತು: ಗಿಡವು ಕ್ಯಾಲ್ಸಿಯಂ ಅನ್ನು ಬೇರಿನ ಎಳೆಯ ತುದಿಗಳಿಂದ, ನೀರಿನ ಜೊತೆಯಲ್ಲೇ ಒಳಗೆ ತೆಗೆದುಕೊಳ್ಳುತ್ತದೆ. ನೀರು ಹೋದ ಕಡೆಗೇ ಅದರ ಸವಾರಿ. ಎಲೆಗಳು ಬಿಸಿಲಲ್ಲಿ ದಿನವಿಡೀ ನೀರನ್ನು ಆವಿ ಮಾಡಿ ಬಿಡುತ್ತಾ ಮತ್ತೆ ಮತ್ತೆ ಎಳೆದುಕೊಳ್ಳುವುದರಿಂದ ಸಿಂಹಪಾಲು ಅವುಗಳಿಗೆ. ಕಾಯಿಗೆ ಸಿಗುವುದು ಅದು ಎಳೆಯದಾಗಿದ್ದಾಗ ಒಂದಿಷ್ಟು. ಬಲಿಯುತ್ತಾ ಹೋದಂತೆ ಪಾಲು ಇಳಿಯುತ್ತದೆ. ಒಮ್ಮೆ ಎಲೆಗೆ ಸೇರಿದ್ದು ಎಲೆಯದೇ. ಪಕ್ಕದ ಕಾಯಿ ಕಣ್ಣೆದುರೇ ಬಿರಿದರೂ ಎಲೆ ವಾಪಸು ಕೊಡುವುದಿಲ್ಲ, ಉದುರುವಾಗ ಹೊತ್ತುಕೊಂಡೇ ಉದುರುತ್ತದೆ. (ಇದರಲ್ಲಿ ತಮ್ಮ ಮಗನವರ ಬಗ್ಗೆ ಯಾವ ಸೂಚನೆಯೂ ಇರುವುದಿಲ್ಲ.)

೩. ಹೀಗಿರುವಾಗ ತಾವು ಕಚೇರಿಯ ಪದ್ಧತಿಯನ್ನೇ ಹಿತ್ತಲಿಗೂ ತಂದು, ಭಾನುವಾರ, ಎರಡನೇ ಶನಿವಾರ ಮತ್ತು ಸರ್ಕಾರಿ ರಜಾ ದಿನಗಳಂದು ಗಿಡಕ್ಕೆ ನೀರು ನಿಲ್ಲಿಸಿರುತ್ತೀರಿ. "ಅದಕ್ಕೂ ಒಂಚೂರು ಬಿಡುವು ಬೇಡ್ವಾ? ಸೋಮವಾರ ಬಾಕಿ ಎಲ್ಲ ಸೇರಿಸಿ ಹಾಕಿದ್ರಾಯ್ತು" ಎಂಬುದು ತಮ್ಮ ನಿಲುವು. ಡ್ರಮ್ಮಿನಲ್ಲಿರುವುದು ಹಿಡಿ ಮಣ್ಣು. ಒಂದೇ ಬಿಸಿಲಿಗೆ ಒಣಗುತ್ತದೆ. ನೀರು ನಿಂತರೆ ಕ್ಯಾಲ್ಸಿಯಂ ಕೂಡ ನಿಂತಲ್ಲೇ ನಿಲ್ಲುತ್ತದೆ. ಸೋಮವಾರ ಒಮ್ಮೆಲೇ ನೀರು ಕುಡಿದ ಕಾಯಿ ಒಳಗಿನಿಂದ ಉಬ್ಬಿ, ಸಿಪ್ಪೆ ತಾಳಲಾರದೆ ಬಿರಿಯುತ್ತದೆ. ಅಂದರೆ ಮಣ್ಣಿನಲ್ಲಿ ಕ್ಯಾಲ್ಸಿಯಂಗೆ ಕೊರತೆಯಿರಲಿಲ್ಲ, ಸಾಗಣೆಗೆ ಕೊರತೆಯಿತ್ತು. ರಜೆಯ ಸುತ್ತೋಲೆ ಕಾಯಿಗಳಿಗೆ ತಲುಪಿರುವುದಿಲ್ಲ.

೪. ಅಂಥದ್ದೇ ಒಂದು ಸೋಮವಾರ ಬಾಕಿ ನೀರಿನ ಬಕೆಟ್ ಎತ್ತಲು ಹೋಗಿ ತಾವು ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆಗಳು ಖಾಲಿಯಾದವು, ಮೂಳೆ ಕೂಡಿಕೊಳ್ಳಲಿಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದು, "ಅಮ್ಮ ಮಾತ್ರೆ ತಗೊಳ್ತಿದಾರೆ ತಾನೆ?" ಎಂದಾಗ ಅರ್ಜಿದಾರಳು ತಮ್ಮ ಪರವಾಗಿ, "ಒಂದು ದಿನಾನೂ ತಪ್ಸಿಲ್ಲ ಡಾಕ್ಟ್ರೇ" ಎಂದು ಭರವಸೆ ಕೊಟ್ಟಳು. ನಿನ್ನೆ ಡ್ರಮ್ಮಿನ ಮಣ್ಣು ಸಡಿಲಿಸುವಾಗ ಅರೆಕರಗಿದ ಬಿಳಿ ಮಾತ್ರೆಗಳು ಬುಡದ ಸುತ್ತ, ಫೈಲು ಜೋಡಿಸಿದಷ್ಟು ಅಚ್ಚುಕಟ್ಟಾಗಿ ಸಿಕ್ಕಿದವು.

೫. ಈ ಬಗ್ಗೆ ಕೇಳಿದಾಗ ತಾವು, "ನಂದೇನಮ್ಮ, ರಿಟೈರ್ ಆಗಿದೆ. ಆ ಗಿಡ ಇನ್ನೂ ಸರ್ವೀಸ್‌ನಲ್ಲಿದೆ. ಬೇಕಾದ ಕಡೆ ವರ್ಗ ಮಾಡ್ದೆ, ತಪ್ಪೇನು?" ಎಂದಿರಿ.

"ನಿಮ್ಮ ಕೈ ನೋಯಲ್ವಾ ಅತ್ತೆ?"

"ನೋಯುತ್ತೆ. ನೋಯೋದು ಅದರ ಕೆಲಸ."

ಅರ್ಜಿದಾರಳ ಕಣ್ಣಿಗೆ ಧೂಳು ಬಿದ್ದದ್ದು ಈ ಹಂತದಲ್ಲಿ.

೬. ತಮ್ಮ ಅವಗಾಹನೆಗೆ ತರಬೇಕಾದ ಮುಖ್ಯ ಅಂಶವೆಂದರೆ, ಮೂಳೆಯು ಎಲೆಯಂತಲ್ಲ. ರಕ್ತಕ್ಕೆ ಕ್ಯಾಲ್ಸಿಯಂ ಕಡಿಮೆ ಬಿದ್ದರೆ ಮೂಳೆ ತನ್ನೊಳಗಿಂದ ತೆಗೆದುಕೊಡುತ್ತದೆ, ರಸೀದಿ ಸಹ ಕೇಳುವುದಿಲ್ಲ. ಆದಕಾರಣ ಗಿಡದ ಬುಡಕ್ಕೆ ಹೋದ ಮಾತ್ರೆಯ ಭಾರವನ್ನು ಇಷ್ಟು ದಿನ ಹೊತ್ತದ್ದು ತಮ್ಮ ಮೂಳೆ. ಅಷ್ಟಾಗಿಯೂ ಆ ಕ್ಯಾಲ್ಸಿಯಂ ಕಾಯಿಗೆ ಮುಟ್ಟಲಿಲ್ಲ. ಎಲೆಗಳು ಮಾತ್ರ ಈ ವರ್ಷ ಬಹಳ ಚೆನ್ನಾಗಿ ಬಂದಿವೆ.

೭. ತಾವು ಬಚ್ಚಲಿಗೆ ಹೋದಾಗಲೆಲ್ಲ ಅರ್ಜಿದಾರಳು ಬಾಗಿಲ ಹೊರಗೆ, ಒಳಗಿನಿಂದ ಚೊಂಬಿನ ಸದ್ದು ಕೇಳುವವರೆಗೆ ಕಿವಿಗೊಟ್ಟು ನಿಂತಿರುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ಇದೇ ಕಾರಣದಿಂದ. "ಮನಸ್ಸೆಲ್ಲಿಟ್ಟಿರ್ತೀಯಮ್ಮ?" ಎಂದು ತಾವು ಕೇಳಿದ್ದಕ್ಕೆ ಇದನ್ನೇ ಲಿಖಿತ ವಿವರಣೆ ಎಂದು ಪರಿಗಣಿಸಬೇಕು.

ಆದ್ದರಿಂದ, ಗಿಡಕ್ಕೆ ರಜೆಯಿಲ್ಲದೆ ದಿನವೂ ಹದವಾಗಿ ನೀರು ಹಾಕಲು ಅರ್ಜಿದಾರಳಿಗೆ ಅನುಮತಿ ನೀಡಬೇಕಾಗಿಯೂ, ಮಾತ್ರೆಗಳ ವರ್ಗಾವಣೆಯನ್ನು ಕೂಡಲೇ ರದ್ದುಪಡಿಸಿ ತಮ್ಮನ್ನು ತಾವು ಸೇವೆಯಲ್ಲಿ ಮುಂದುವರಿಸಿಕೊಳ್ಳಬೇಕಾಗಿಯೂ ವಿನಂತಿ. ತಮ್ಮ ನಿವೃತ್ತಿ ಕಚೇರಿಯಿಂದ ಮಾತ್ರ ಆಗಿರುತ್ತದೆ. ಈ ಮನೆಯಿಂದ ಅಂತಹ ಯಾವುದೇ ಆದೇಶ ಹೊರಟಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಬಚ್ಚಲ ಬಾಗಿಲಲ್ಲಿ ನಿಲ್ಲುವ ಸೊಸೆ

ಲಗತ್ತುಗಳು:
೧. ಬಿರಿದ ಕಾಯಿ, ಒಂದು.
೨. ದಷ್ಟಪುಷ್ಟ ಎಲೆ, ಒಂದು (ಹೋಲಿಕೆಗಾಗಿ).
೩. ಮಣ್ಣಿನಿಂದ ಹೊರತೆಗೆದ ಮಾತ್ರೆಗಳು, ಪೊಟ್ಟಣದಲ್ಲಿ (ಬಳಕೆಗಲ್ಲ).
೪. ಹೊಸ ಮಾತ್ರೆ ಒಂದು, ಜೊತೆಗೆ ಒಂದು ಲೋಟ ನೀರು.

ವಿಶೇಷ ಸೂಚನೆ: ತಮ್ಮ ಬಲಗೈ ಪಟ್ಟಿಯಲ್ಲಿರುವುದರಿಂದ ಸಹಿಯ ತೊಂದರೆ ತೆಗೆದುಕೊಳ್ಳಬಾರದು. ಲಗತ್ತು ೪ ಅನ್ನು ನುಂಗಿದಲ್ಲಿ ಅರ್ಜಿ ಮಂಜೂರಾಗಿದೆ ಎಂದು ಭಾವಿಸಲಾಗುವುದು. ಅರ್ಜಿದಾರಳು ಕುರ್ಚಿಯ ಹಿಂದೆಯೇ ನಿಂತಿದ್ದಾಳೆ. ನುಂಗಿದ ನಂತರ ದಯಮಾಡಿ ನಾಲಿಗೆ ಎತ್ತಿ ತೋರಿಸಬೇಕಾಗಿ ಕೋರಿಕೆ.