ಹೊಗೆರಾಯರ ಇಟ್ಟಿಗೆ ಗೂಡು

ಗೆರೆ ಚಪ್ಪಟೆಯಾಗಿದ್ದದ್ದೇ ಹೊಗೆರಾಯರ ಕಷ್ಟಕ್ಕೆಲ್ಲ ಮೂಲ.

ವಾಯುಮಾಲಿನ್ಯ ಅಳೆಯುವ ಕಚೇರಿಯಲ್ಲಿ ಅವರ ಕೆಲಸ ಇಷ್ಟೇ: ಯಾವ ಚಿಮಣಿಯ ಹೊಗೆ ಯಾವ ಕಡೆ ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಗೆರೆ ಎಳೆಯುವುದು. ಆಮೇಲೆ ಕಚೇರಿಯ ಪುಟ್ಟ ವಿಮಾನ ಅದೇ ದಾರಿಯಲ್ಲಿ ಹಾರಿ, ಕೊಳವೆಯಲ್ಲಿ ಗಾಳಿ ಹೀರಿ, ನಿಜವಾದ ಹೊಗೆ ಅಳೆದು ತರುತ್ತಿತ್ತು. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಲೆಕ್ಕ ಸರಿ. ಈ ಸಲ ಹೊಗೆರಾಯರ ಗೆರೆ ಹೊಟ್ಟೆ ತುಂಬ ಉಂಡವರಂತೆ ಉದ್ದಕ್ಕೆ ಮಲಗಿತ್ತು. ವಿಮಾನದ ಗೆರೆ ಮಾತ್ರ ಊರಾಚೆಯ ಒಂದು ಬಡಾವಣೆಯ ಮೇಲೆ ಚೇಳು ಕುಟುಕಿದಂತೆ ಎದ್ದು ನಿಂತಿತ್ತು.

"ಸಂಜೆ ಸಭೆ ಇದೆ. ಅಷ್ಟರಲ್ಲಿ ಎರಡೂ ಕೂಡ್ಬೇಕು," ಎಂದರು ನಿರ್ದೇಶಕರು. "ಇಲ್ದಿದ್ರೆ ನಾಳೆ ನೀವೇ ವಿಮಾನ ಹತ್ತಿ ಕಣ್ಣಾರೆ ನೋಡ್ಕೊಂಡು ಬನ್ನಿ."

ಹೊಗೆರಾಯರೋ, ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಹೆಂಡತಿ ಕೆಳಗೆ ಕಾಲು ಹಿಡಿದುಕೊಂಡು ನಿಲ್ಲಬೇಕಾದ ಮನುಷ್ಯ. ಹೊಗೆ ಎಷ್ಟೇ ಮೇಲಿದ್ದರೂ ತಾನು ನೆಲದ ಮೇಲಿರಬಹುದೆಂದೇ ಈ ಕೆಲಸ ಹಿಡಿದಿದ್ದರು.

ವಿಮಾನದಲ್ಲಿ ಹೊಗೆ ಅಳೆಯುವ ಮೀಟರ್ ನೋಡಿಕೊಳ್ಳುವವರ ಬಳಿ ಹೋಗಿ, ಅದೇನಾದರೂ ಕೆಟ್ಟಿರಬಹುದೇ ಎಂದು ಮೆಲ್ಲಗೆ ಕೇಳಿದರು. ತಮ್ಮ ಮಗುವಿಗೆ ಮೆಳ್ಳೆಗಣ್ಣು ಎಂದರೇನೋ ಎಂಬಂತೆ ಅವರು ಕೆರಳಿ, ಮೀಟರನ್ನು ಇವರ ಮೂಗಿನ ಕೆಳಗೇ ಹಿಡಿದು ಬೆಂಕಿಕಡ್ಡಿ ಗೀರಿದರು. ಮುಳ್ಳು ಸರಿಯಾಗಿಯೇ ಕುಣಿಯಿತು. ಜೊತೆಗೆ ಹೊಗೆರಾಯರ ಅರ್ಧ ಮೀಸೆ ಸುಟ್ಟಿತು.

"ನೋಡಿ, ನಿಮ್ಮ ಮೀಸೆ ಹೊಗೆನೂ ಬಿಟ್ಟಿಲ್ಲ," ಎಂದು ಅವರು ಹೆಮ್ಮೆಪಟ್ಟರು.

ಗಾಳಿಯ ಲೆಕ್ಕ ಇಡುವ ಮೇಡಂ, ಗಾಳಿಯನ್ನೇ ಕೊಂಚ ತಿರುಗಿಸಿ ನೋಡಿ ಎಂದರು. ತಿರುಗಿಸಿದ್ದೇ ತಡ, ಊರಿನ ಹೊಗೆಯೆಲ್ಲ ಪರದೆಯ ಮೇಲೆ ತೇಲಿಹೋಗಿ ನಿರ್ದೇಶಕರ ಮನೆಯ ಮೇಲೆ ಕೂತಿತು. ಹೊಗೆರಾಯರು ಗಡಿಬಿಡಿಯಲ್ಲಿ ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ಸಲಹೆ ಕೊಡದೆ ಉಳಿದವರೇ ಇರಲಿಲ್ಲ.

ಕೊನೆಗೆ ಮೇಡಮ್ಮಿಗೇ ಕನಿಕರ ಬಂತು. "ಸುಮ್ನೆ ಯಾಕೆ ಒದ್ದಾಡ್ತೀರಿ? ಅಲ್ಲೊಂದು ಇಟ್ಟಿಗೆ ಗೂಡು ಉರೀತಿದೆ ಅಂತ ಕಂಪ್ಯೂಟರಿಗೆ ಹೇಳ್ಬಿಡಿ. ಊರಾಚೆ ಅಂದ್ಮೇಲೆ ಒಂದು ಇದ್ದೇ ಇರತ್ತೆ."

ಅದು ಸುಳ್ಳಾಗುವುದಿಲ್ಲವೇ ಎಂದು ಹೊಗೆರಾಯರು ಗೊಣಗಿದರು. ಅಷ್ಟರಲ್ಲಿ ವಿಮಾನದ ಏಣಿ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ ಗೂಡು ಇಟ್ಟೇಬಿಟ್ಟರು. ಎರಡೂ ಗೆರೆ ಹೊಸದಾಗಿ ಮದುವೆಯಾದವರಂತೆ ಅಂಟಿಕೊಂಡವು.

ಸಭೆಯಲ್ಲಿ ನಿರ್ದೇಶಕರು ಉಬ್ಬಿಹೋದರು. ಯಾರಿಗೂ ಗೊತ್ತಿಲ್ಲದ ಗೂಡನ್ನು ನಮ್ಮ ರಾಯರು ಕೂತಲ್ಲೇ ಪತ್ತೆಹಚ್ಚಿದ್ದಾರೆ, ನಾಳೆಯೇ ಮಾಲೀಕರಿಗೆ ನೋಟಿಸ್ ಕಳಿಸೋಣ ಎಂದು ನಕ್ಷೆಯ ಮೇಲೆ ಬೆರಳಿಟ್ಟರು.

ಹಿಂದೆ ತೂಕಡಿಸುತ್ತಿದ್ದ ಪೈಲಟ್ ತಟ್ಟನೆ ಎದ್ದು ನಿಂತ.

"ಸಾರ್, ಅದು ಗೂಡಲ್ಲ. ನಮ್ಮತ್ತೆ ಮನೆ."

ಅಳಿಯ ವಿಮಾನ ಓಡಿಸುತ್ತಾನೆಂದರೆ ಅತ್ತೆಯ ಅಕ್ಕಪಕ್ಕದವರು ನಂಬುತ್ತಿರಲಿಲ್ಲವಂತೆ. ನಿನ್ನೆ ಅತ್ತೆ ಅವರನ್ನೆಲ್ಲ ತಾರಸಿ ಹತ್ತಿಸಿ, ಟವೆಲ್ ಬೀಸುತ್ತ ನಿಂತಿದ್ದರಂತೆ. ಅವರ ಮಾತು ಉಳಿಸಲು ಈತ ಅಲ್ಲೇ ಸುತ್ತು ಹೊಡೆದದ್ದೇ ಹೊಡೆದದ್ದು.

ಮೀಟರಿನವರು ಹಣೆ ಚಚ್ಚಿಕೊಂಡರು. "ಅಂದ್ರೆ ಇಷ್ಟು ಹೊತ್ತು ನಾವು ನೋಡಿದ್ದು ನಮ್ಮ ವಿಮಾನ ಬಿಟ್ಟ ಹೊಗೆನೇ."

ನಿರ್ದೇಶಕರು ಆ ಹೊಗೆಯನ್ನು ಲೆಕ್ಕದಿಂದ ತೆಗೆಸಿದರು. ವಿಮಾನದ ಗೆರೆ ಥೇಟ್ ಬೆಳಗಿನ ಹೊಗೆರಾಯರ ಗೆರೆಯಂತೆ ತಣ್ಣಗೆ ಮಲಗಿತು. ಈಗ ಎದ್ದು ನಿಂತಿದ್ದದ್ದು ಹೊಗೆರಾಯರ ಗೂಡೊಂದೇ.

"ಬೆಳಿಗ್ಗೆ ನಂದು ಸರಿಯಾಗೇ ಇತ್ತು ಸಾರ್."

"ಈಗಿಲ್ವಲ್ಲ. ನಾಳೆ ವಿಮಾನ ಹತ್ತಿ ಆ ಗೂಡು ಹುಡುಕ್ಕೊಂಡು ಬನ್ನಿ. ಈ ಪೈಲಟ್ ಮೇಲೂ ಒಂದು ಕಣ್ಣಿರಲಿ."

ಹೊರಗೆ ಬಂದಾಗ ಪೈಲಟ್ ಅಕ್ಕರೆಯಿಂದ ಅವರ ತೋಳು ಹಿಡಿದುಕೊಂಡ. "ಹೆದರ್ಬೇಡಿ ಸಾರ್, ಸುತ್ತು ಹೊಡೆಯೋದು ಬಿಟ್ಟೆ. ಈಗಷ್ಟೇ ಅತ್ತೆಗೆ ಫೋನ್ ಮಾಡಿದ್ದೆ. 'ನನ್ನ ಮನೆಗೆ ಇಟ್ಟಿಗೆ ಗೂಡು ಅಂದೋರ ಮುಖ ನೋಡ್ಲೇಬೇಕು, ನಾಳೆ ಸ್ವಲ್ಪ ಕೆಳಗೇ ಹಾರಿಸ್ಕೊಂಡು ಬಾ' ಅಂದ್ರು. ನೀವು ಕಿಟಕಿ ಪಕ್ಕನೇ ಕೂತ್ಕೊಳ್ಳಿ."